ಸುಟ್ಟ ಟ್ಯಾಂಕಿನ ಡಯೋರಾಮಾ: ಕಿಟ್‌ಗೆ ಬ್ಲೇಡ್ ಇಡೋ ಮುಂಚೆ ಅದಕ್ಕೇನಾಯ್ತು ಅಂತ ಗೊತ್ತಿರ್ಲಿ

ಡಯೋರಾಮಾಗೆ, ಅಂದ್ರೆ ಪ್ಲಾಸ್ಟಿಕ್ ಕಿಟ್ ಜೋಡಿಸಿ ಮಾಡೋ ಪುಟ್ಟ ದೃಶ್ಯಕ್ಕೆ, ಹಾಳಾದ ಟ್ಯಾಂಕ್ ಮಾಡೋದು ಸುಲಭ, ಹೆಂಗಿದ್ರೂ ಮುರಿದಿರೋದೇ ತಾನೆ, ಜೋಡಣೆ ಸರಿ ಬರ್ದಿದ್ರೂ ನಡಿಯುತ್ತೆ, ಕಪ್ಪು ಹೊಡೆದು ಮೇಲೆ ಒಂಚೂರು ಕಿತ್ತಳೆ ಸವರಿದ್ರೆ ಆಯ್ತು ಅಂತ ಶುರುವಿನಲ್ಲಿ ತುಂಬಾ ಜನಕ್ಕೆ ಅನ್ಸುತ್ತೆ. ನಂಗೂ ಹಂಗೇ ಅನ್ಸಿತ್ತು. ನನ್ನ ಮೊದಲ್ನೇ ಡಯೋರಾಮಾನ ಒಬ್ರು ಹಿರಿಯ ಮಾಡೆಲರ್ ಕೈಗೆ ತಗೊಂಡು, ಎಲ್ಲಾ ಕಡೆಯಿಂದ ತಿರುಗಿಸಿ ನೋಡಿ, ಒಂದೇ ಒಂದು ಪ್ರಶ್ನೆ ಕೇಳಿದ್ರು: "ಇದಕ್ಕೆ ಏನಾಯ್ತು?" ನನ್ ಹತ್ರ ಉತ್ತರ ಇರ್ಲಿಲ್ಲ. ಒಂದು ಪಕ್ಕದಲ್ಲಿ ಶೆಲ್ ಹೊಕ್ಕ ತೂತು, ಇನ್ನೊಂದು ಪಕ್ಕದಲ್ಲಿ ಮೈನ್ ಸಿಡಿದ ಹಾಗೆ ಕಿತ್ತು ಬಂದಿರೋ ಟ್ರ್ಯಾಕ್ (ಚಕ್ರಗಳ ಸುತ್ತ ಓಡೋ ಉಕ್ಕಿನ ಸರಪಳಿ), ಮೈತುಂಬಾ ಹತ್ತು ವರ್ಷದ ತುಕ್ಕು, ಅದ್ರ ಮೇಲೆ ಇವತ್ತು ಬೆಳಿಗ್ಗೆ ಕೂತಂಗಿರೋ ಮಸಿ, ಸುತ್ತ ಹಸಿರು ಹುಲ್ಲು. ಒಂದಕ್ಕೂ ಇನ್ನೊಂದಕ್ಕೂ ಸಂಬಂಧ ಇಲ್ಲ.

ಅವತ್ತಿಂದ ನಾನು ಎರಡು ಸಾಲು ಪೇಪರ್ ಮೇಲೆ ಬರೀದೆ ಕಿಟ್ ಬಾಕ್ಸ್ ತೆಗಿಯೋದೇ ಇಲ್ಲ. ಒಂದು, ಈ ಗಾಡಿ ಯಾಕೆ ನಿಂತ್ಹೋಯ್ತು. ಎರಡು, ನಿಂತು ಎಷ್ಟು ದಿನ ಆಯ್ತು. ಬಾಗಿರೋ ತಗಡು, ತುಕ್ಕಿನ ಬಣ್ಣ, ಕೆಸರು, ಪಕ್ಕದಲ್ಲಿ ನಿಂತಿರೋ ಮನುಷ್ಯ, ಎಲ್ಲಾ ಈ ಎರಡು ಸಾಲಿಂದಾನೇ ಬರ್ಬೇಕು.

ಇಲ್ಲಿ ಉದಾಹರಣೆಗೆ ನಾನು ತಗೊಂಡಿರೋದು ಸೋವಿಯತ್ ಟಿ-34/85 ಟ್ಯಾಂಕ್, ಸ್ಕೇಲ್ 1/35, ಅಂದ್ರೆ ನಿಜದ 35ರಲ್ಲಿ ಒಂದು ಪಾಲು. ಸಮಯ 1945ರ ಏಪ್ರಿಲ್, ಜಾಗ ಬರ್ಲಿನ್‌ಗೆ ಪೂರ್ವಕ್ಕೆ ಓಡರ್ ನದಿ ದಾಟಿದ್ಮೇಲೆ ಸಿಗೋ ಸೀಲೋ ದಿಣ್ಣೆಗಳ ಕೆಳಗಿನ ತಗ್ಗು ನೆಲ. ಏಪ್ರಿಲ್ 16ಕ್ಕೆ ಅಲ್ಲಿ ದಾಳಿ ಶುರುವಾಯ್ತು, 19ರ ಹೊತ್ತಿಗೆ ಜರ್ಮನ್ ಸಾಲು ಒಡೀತು. ವಸಂತದ ನೀರಿಗೆ ನೆಲ ನೆಂದು ಕೆಸರಾಗಿತ್ತು, ದಿಣ್ಣೆ ಮೇಲಿಂದ 88 ಮಿ.ಮೀ ಗನ್‌ಗಳು ನೇರ ಕೆಳಗೆ ಹೊಡೀತಿದ್ವು. ನಾನು ಬರ್ಕೊಂಡಿದ್ದು ಇಷ್ಟು: ಬಲಗಡೆ ಹಲ್‌ಗೆ (ಟ್ಯಾಂಕಿನ ಕೆಳಗಿನ ಒಡಲು), ಟರೆಟ್ (ಮೇಲೆ ತಿರುಗೋ ಗನ್ ಗೋಪುರ) ಕೆಳಗೆ, ಒಂದು 88 ಶೆಲ್ ಹೊಕ್ಕಿದೆ. ಟಿ-34ಲ್ಲಿ ಡೀಸೆಲ್ ಟ್ಯಾಂಕ್‌ಗಳು ಹಲ್ ಒಳಗೆ ಪಕ್ಕದ ಗೋಡೆಗೆ ಒತ್ಕೊಂಡೇ ಇರ್ತವೆ, ಅಲ್ಲಿಗೆ ಬೆಂಕಿ ಹತ್ತಿದೆ. ಡ್ರೈವರ್ ಹ್ಯಾಚ್ (ಹತ್ತಿಳಿಯೋ ಬಾಯಿಯ ಮುಚ್ಚಳ) ತೆರೆದಿದೆ, ಟರೆಟ್ ಮೇಲಿನ ಒಂದು ಹ್ಯಾಚ್ ತೆರೆದಿದೆ, ಇನ್ನೊಂದು ಮುಚ್ಚಿದೆ. ಗಾಡಿ ಪೂರ್ತಿ ಉರಿದು ತಣ್ಣಗಾಗಿ ಐದು ದಿನ, ಮಧ್ಯೆ ಒಂದ್ಸಲ ಮಳೆ ಬಂದಿದೆ, ಯುದ್ಧ ಮುಂದಕ್ಕೆ ಹೋಗಿದೆ.

ನೀವು ಬೇರೆ ಗಾಡಿ ತಗೊಳ್ಳಿ, ಅಮೆರಿಕದ ಶರ್ಮನ್ ಟ್ಯಾಂಕ್ ಆಗ್ಲಿ ಟ್ರಕ್ ಆಗ್ಲಿ, ಕೆಲಸ ಇದೇ ಕ್ರಮದಲ್ಲಿ ಹೋಗುತ್ತೆ.

ಮೊದ್ಲು ಲೆಕ್ಕ

ಬ್ಲೇಡ್ ಹಿಡಿಯೋಕೆ ಮುಂಚೆ ಒಂದು ಕ್ಯಾಲ್ಕುಲೇಟರ್ ಇಟ್ಕೊಳ್ಳಿ, ನಿಜವಾದ ಅಳತೆನ 35ರಿಂದ ಭಾಗಿಸ್ತಾ ಹೋಗಿ. 88 ಮಿ.ಮೀ ಶೆಲ್ ಮಾಡಿದ ತೂತು 2.5 ಮಿ.ಮೀ, ಅಂದ್ರೆ ಒಂದು ಡ್ರಿಲ್ ಬಿಟ್ ಅಷ್ಟೆ. ಇದು ಗೊತ್ತಿಲ್ದೆ ಹೆಬ್ಬೆರಳು ತೂರೋ ಅಷ್ಟು ದೊಡ್ಡ ಹರಕು ತೂತು ಕೊರೆದಿರೋ ಮಾಡೆಲ್ ಎಷ್ಟು ನೋಡಿದೀನೋ. ಟಿ-34ರ ಹಲ್ ಪಕ್ಕದ ಉಕ್ಕು 45 ಮಿ.ಮೀ, ಅದು ನಮ್ಗೆ 1.3 ಮಿ.ಮೀ, ಹೆಚ್ಚು ಕಮ್ಮಿ ಕಿಟ್ ಪ್ಲಾಸ್ಟಿಕ್‌ನಷ್ಟೇ ದಪ್ಪ, ಹಾಗಾಗಿ ಅದನ್ನ ತೆಳು ಮಾಡೋ ಕೆಲಸ ಇಲ್ಲ. ಆದ್ರೆ ಟ್ರ್ಯಾಕ್ ಮೇಲೆ ಮುಚ್ಚೋ ಫೆಂಡರ್ ನೋಡಿ. ನಿಜದಲ್ಲಿ ತೆಳು ತಗಡು, 2 ಮಿ.ಮೀ ಅಂತ ಇಟ್ಕೊಂಡ್ರೂ ಸ್ಕೇಲ್‌ನಲ್ಲಿ 0.06 ಮಿ.ಮೀ ಆಗುತ್ತೆ, ಕಿಟ್‌ನಲ್ಲಿ ಕೊಟ್ಟಿರೋದು ಸುಮಾರು 1 ಮಿ.ಮೀ. ಅಂದ್ರೆ 35 ಮಿ.ಮೀ ದಪ್ಪದ ಕಬ್ಬಿಣದ ಫೆಂಡರ್! ಅದನ್ನ ಬಗ್ಗಿಸಿ ಹಾಳಾಗಿದೆ ಅಂದ್ರೆ ಯಾರ ಕಣ್ಣೂ ಒಪ್ಪಲ್ಲ. ಮನುಷ್ಯ 175 ಸೆಂ.ಮೀ ಅಂದ್ರೆ 5 ಸೆಂ.ಮೀ. ಈ ನಾಲ್ಕೈದು ನಂಬರ್ ಟೇಬಲ್ ಮೇಲೆ ಅಂಟಿಸಿಟ್ರೆ ಮುಂದೆ ಅರ್ಧ ತಪ್ಪು ಆಗೋದೇ ಇಲ್ಲ.

ಸಾಮಾನು ಜಾಸ್ತಿ ಬೇಡ. ಹಾಬಿ ಬ್ಲೇಡ್, ಸಣ್ಣ ಅರಗಳು, ಕೈಯಲ್ಲಿ ತಿರುಗಿಸೋ ಸಣ್ಣ ಡ್ರಿಲ್, ಚಿಮುಟ, ಇಕ್ಕಳ, ಪ್ಲಾಸ್ಟಿಕ್ ಗಮ್, ಸೂಪರ್ ಗ್ಲೂ, 0.1 ಮಿ.ಮೀ ಆಸುಪಾಸಿನ ತೆಳು ಹಿತ್ತಾಳೆ ಇಲ್ಲ ಅಲ್ಯೂಮಿನಿಯಂ ಹಾಳೆ, ತಾಮ್ರದ ಸಣ್ಣ ತಂತಿ. ಏರ್‌ಬ್ರಷ್ (ಗಾಳಿಯಿಂದ ಪೇಂಟ್ ಸಿಂಪಡಿಸೋ ಪೆನ್) ಇದ್ರೆ ಒಳ್ಳೇದು, ಇಲ್ದಿದ್ರೂ ಈ ವಿಷಯದಲ್ಲಿ ಬ್ರಷ್ ಮತ್ತೆ ಸ್ಪಾಂಜ್‌ನಲ್ಲೇ ತುಂಬಾ ದೂರ ಹೋಗ್ಬೋದು. ಉಜ್ಜುವಾಗ ಮಾಸ್ಕ್ ಹಾಕ್ಕೊಳ್ಳಿ, ರೆಸಿನ್ ಪಾರ್ಟ್ ಆದ್ರೆ ಖಂಡಿತ ಹಾಕ್ಕೊಳ್ಳಿ, ಆ ಪುಡಿ ಶ್ವಾಸಕೋಶಕ್ಕೆ ಹೋಗ್ಬಾರ್ದು. ಮತ್ತೆ ಲೈಟರ್ ತಗೊಂಡು ಕಿಟ್ ಪ್ಲಾಸ್ಟಿಕ್‌ನೇ ಸುಟ್ರೆ ಸುಟ್ಟ ಎಫೆಕ್ಟ್ ಬರುತ್ತೆ ಅಂತ ಯಾರಾದ್ರೂ ಹೇಳಿದ್ರೆ ಕೇಳ್ಬೇಡಿ, ಪಾಲಿಸ್ಟೈರೀನ್ 100 ಡಿಗ್ರಿ ಹತ್ರಾನೇ ಮೆತ್ತಗಾಗಿ ಮೇಣದ ಹಾಗೆ ಜೋತು ಬೀಳುತ್ತೆ, ಉಕ್ಕು ಹಂಗೆ ಜೋತು ಬೀಳಲ್ಲ, ಮೇಲಿಂದ ಆ ಹೊಗೆ ವಿಷ.

ಕತ್ತರಿಸೋದು, ಬಗ್ಗಿಸೋದು

ಶೆಲ್ ತೂತಿಂದ ಶುರು ಮಾಡ್ತೀನಿ, ಯಾಕಂದ್ರೆ ಉಳಿದಿದ್ದೆಲ್ಲಾ ಅದ್ರಿಂದಾನೇ ಆಗಿರೋದು. 2.5 ಮಿ.ಮೀ ಬಿಟ್‌ನಿಂದ ಕೊರೀರಿ, ಶೆಲ್ ಬಂದ ದಿಕ್ಕಿಗೆ ಡ್ರಿಲ್ ಸ್ವಲ್ಪ ಓರೆ ಇರ್ಲಿ, ಆಗ ತೂತು ಪೂರ್ತಿ ದುಂಡಗೆ ಬರದೆ ಒಂಚೂರು ಮೊಟ್ಟೆ ಆಕಾರಕ್ಕೆ ಬರುತ್ತೆ. ತೂತಿನ ಸುತ್ತ ಪ್ಲಾಸ್ಟಿಕ್ ಗಮ್ ಹಚ್ಚಿ ಮೆತ್ತಗಾದ್ಮೇಲೆ ಬ್ಲೇಡ್ ತುದಿಯಿಂದ ಅಂಚನ್ನ ಹೊರಗಡೆಗೆ ಒಂದು ಕೂದಲೆಳೆ ಎತ್ತಿ, ಬಿಸಿ ಉಕ್ಕು ಹೊರಗೂ ಸ್ವಲ್ಪ ಉಕ್ಕಿ ಬಂದು ತುಟಿ ಕಟ್ಟಿರುತ್ತೆ. ಪಾಂಜರ್‌ಫೌಸ್ಟ್ (ಜರ್ಮನ್ ಸೈನಿಕ ಕೈಯಲ್ಲೇ ಹಿಡಿದು ಟ್ಯಾಂಕ್‌ಗೆ ಹೊಡೀತಿದ್ದ ಆಯುಧ) ಹೊಡೆದಿದ್ದು ಅಂತ ನಿಮ್ಮ ಕತೆ ಇದ್ರೆ ಲೆಕ್ಕ ಬೇರೆ, ಅದು ಉಕ್ಕಿನಲ್ಲಿ ಬಿಡೋ ತೂತು ಶೆಲ್‌ಗಿಂತ ತುಂಬಾ ಸಣ್ಣದು, 1 ಮಿ.ಮೀ ಬಿಟ್ ಸಾಕಾಗುತ್ತೆ, ಸುತ್ತ ಸಿಡಿದ ಗೀರು ಮತ್ತೆ ಪೇಂಟ್ ಹಾರಿಹೋದ ವೃತ್ತ ಮುಖ್ಯ.

ಫೆಂಡರ್‌ಗಳನ್ನ ಪೂರ್ತಿ ಕತ್ತರಿಸಿ ತೆಗೀರಿ, ಅದನ್ನೇ ಅಚ್ಚಾಗಿ ಇಟ್ಕೊಂಡು ತೆಳು ಹಿತ್ತಾಳೆ ಹಾಳೆಯಲ್ಲಿ ಹೊಸದು ಕತ್ತರಿಸಿ. ಹಿತ್ತಾಳೆನ ಒಂದ್ಸಲ ಉರಿ ಮೇಲೆ ಮಂದ ಕೆಂಪು ಬರೋ ತನಕ ಹಿಡಿದು ತಣ್ಣಗಾಗೋಕೆ ಬಿಟ್ರೆ ಮೆತ್ತಗಾಗುತ್ತೆ, ಆಮೇಲೆ ಬೆರಳಲ್ಲೇ ಸುಕ್ಕು ಬರಿಸ್ಬೋದು. ಇಲ್ಲೂ ಕಾರಣ ಕೇಳ್ಕೊಳ್ಳಿ. ಮುಂದಿನ ಫೆಂಡರ್ ಬಾಗಿರೋದು ಗೋಡೆಗೋ ಮರಕ್ಕೋ ಗುದ್ದಿದ್ರಿಂದ, ಅಂದ್ರೆ ಒಳಮುಖವಾಗಿ, ಅದೂ ಬೆಂಕಿಗೆ ಎಷ್ಟೋ ದಿನ ಮುಂಚೆ, ಹಾಗಾಗಿ ಆ ಸುಕ್ಕಿನಲ್ಲಿ ಹಳೇ ತುಕ್ಕು ಇರ್ಬೇಕು. ಬಲಗಡೆ ಮಧ್ಯದ ಫೆಂಡರ್ ಕೆಳಕ್ಕೆ ಜೋತಿರೋದು ಬೆಂಕಿಯಿಂದ. ಎರಡೂ ಒಂದೇ ಥರ ಇರ್ಬಾರ್ದು.

ಈಗ ನನ್ನ ಪ್ರಕಾರ ಇಡೀ ಕೆಲಸದ ಅತಿ ಮುಖ್ಯ ಭಾಗ, ಹೆಚ್ಚಿನವ್ರು ಇದನ್ನ ಬಿಟ್ಬಿಡ್ತಾರೆ: ಗಾಡಿ ಕೂರೋ ಭಂಗಿ. ಬೆಂಕಿಯಲ್ಲಿ ಸ್ಪ್ರಿಂಗ್‌ಗಳು ಕಸುವು ಕಳ್ಕೊಳ್ಳುತ್ವೆ, ಗಾಡಿ ಕುಸಿಯುತ್ತೆ. ಟಿ-34ಲ್ಲಿ ಸಸ್ಪೆನ್ಶನ್ ಸ್ಪ್ರಿಂಗ್‌ಗಳು ಹಲ್ ಒಳಗಡೆನೇ ಇರೋದ್ರಿಂದ ಒಳಗೆ ಉರಿದ ಬೆಂಕಿ ನೇರವಾಗಿ ಅವಕ್ಕೇ ತಟ್ಟುತ್ತೆ. ನಮ್ಮ ಕತೆಯಲ್ಲಿ ಬೆಂಕಿ ಬಲಕ್ಕೂ ಹಿಂದಕ್ಕೂ ಜಾಸ್ತಿ, ಹಾಗಾಗಿ ಗಾಡಿ ಬಲ ಹಿಂಬದಿಗೆ ಕೂತಿರ್ಬೇಕು. ನೆಲದಿಂದ ಹೊಟ್ಟೆಗೆ ನಿಜದಲ್ಲಿ 400 ಮಿ.ಮೀ ಎತ್ತರ, ಸ್ಕೇಲ್‌ನಲ್ಲಿ 11 ಮಿ.ಮೀ ಸಿಗುತ್ತೆ, ಅದ್ರಲ್ಲಿ ಬಲಗಡೆ ಹಿಂದೆ 5 ಮಿ.ಮೀ ಇಳಿಸಿ, ಎಡಗಡೆ ಮುಂದೆ 1 ಮಿ.ಮೀ ಸಾಕು. ಕಿಟ್‌ನ ಸ್ವಿಂಗ್ ಆರ್ಮ್‌ಗಳು, ಅಂದ್ರೆ ಚಕ್ರ ಹಿಡಿಯೋ ತೋಳುಗಳು, ಒಂದು ಗೂಟಕ್ಕೆ ಕೂರ್ತವೆ, ಆ ಗೂಟ ಕತ್ತರಿಸಿ, ಹಲ್‌ನ ಕೆಳಗೆ ಪೇಪರ್ ತುಂಡುಗಳಿಟ್ಟು ಬೇಕಾದ ಓರೆಗೆ ನಿಲ್ಸಿ, ಒಂದೊಂದೇ ಆರ್ಮ್‌ನ ಚಕ್ರ ನೆಲ ಮುಟ್ಟೋ ಹಾಗೆ ಮತ್ತೆ ಅಂಟಿಸಿ. ಒಂದು ಸಂಜೆ ಪೂರ್ತಿ ಹೋಗುತ್ತೆ, ಹೋಗ್ಲಿ. ಪೇಂಟ್ ಹೊಡೆಯೋಕೆ ಮುಂಚೆನೇ, ಬರೀ ಬೂದು ಪ್ಲಾಸ್ಟಿಕ್ ಇರುವಾಗ್ಲೇ, ಆ ಗಾಡಿ ಇನ್ನು ಏಳಲ್ಲ ಅನ್ನೋದು ಕಾಣೋಕೆ ಶುರುವಾಗುತ್ತೆ, ಆ ಘಳಿಗೆ ನಂಗೆ ಪ್ರತಿ ಸಲಾನೂ ಮನಸ್ಸಿಗೆ ತಟ್ಟುತ್ತೆ.

ಚಕ್ರಗಳ ರಬ್ಬರ್. ಟಿ-34ರ ರೋಡ್ ವೀಲ್‌ಗಳಿಗೆ ಸುತ್ತ ರಬ್ಬರ್ ಪಟ್ಟಿ ಇರುತ್ತೆ, ಬೆಂಕಿ ಬಿದ್ರೆ ಅದು ಉರಿದು ಹೋಗುತ್ತೆ, ಉಳಿಯೋದು ಬರೀ ಉಕ್ಕಿನ ರಿಮ್. ಬಲಗಡೆ ಐದರಲ್ಲಿ ಹಿಂದಿನ ಮೂರು ಚಕ್ರಕ್ಕೆ ರಬ್ಬರ್ ಭಾಗನ ಅರದಿಂದ ಪೂರ್ತಿ ತೆಗೀರಿ, ನಾಲ್ಕನೇದಕ್ಕೆ ಮೇಲ್ಗಡೆ ಮಾತ್ರ ಅರ್ಧ ಸುಟ್ಟಿರೋ ಹಾಗೆ ಕಚ್ಚಾಗಿ ಬಿಡಿ, ಮುಂದಿನದು ಹಾಗೇ ಇರ್ಲಿ. ರಬ್ಬರ್ ಹೋದ್ರೆ ಚಕ್ರ ಚಿಕ್ಕದಾಗುತ್ತೆ, ಚಕ್ರ ಚಿಕ್ಕದಾದ್ರೆ ಟ್ರ್ಯಾಕ್ ಸಡಿಲ ಆಗುತ್ತೆ. ಈ ಗಾಡಿಗೆ ಮೇಲ್ಗಡೆ ಟ್ರ್ಯಾಕ್ ಎತ್ತಿ ಹಿಡಿಯೋ ಸಣ್ಣ ಚಕ್ರ (ರಿಟರ್ನ್ ರೋಲರ್) ಇಲ್ಲ, ಟ್ರ್ಯಾಕ್ ನೇರವಾಗಿ ಚಕ್ರಗಳ ತಲೆ ಮೇಲೇ ಮಲಗುತ್ತೆ, ಹಾಗಾಗಿ ಸಡಿಲ ಆಗಿದ್ದು ಎದ್ದು ಕಾಣುತ್ತೆ, ಸುಟ್ಟ ಕಡೆ ಟ್ರ್ಯಾಕ್ ಚಕ್ರದಿಂದ ಚಕ್ರಕ್ಕೆ ಹಗ್ಗದ ಹಾಗೆ ಜೋತಿರ್ಬೇಕು. ಕಿಟ್‌ನ ರಬ್ಬರ್ ಥರದ ಟ್ರ್ಯಾಕ್‌ನಲ್ಲಿ ಇದು ಬರಲ್ಲ, ಬಿಡಿ ಬಿಡಿ ಲಿಂಕ್ ಇರೋದು ಬೇಕು. ಒಂದು ಕಡೆಗೆ ಸುಮಾರು 72 ಲಿಂಕ್, ಒಂದು ಹಲ್ಲಿರೋದು ಒಂದು ಚಪ್ಪಟೆ ಹೀಗೆ ಸರದಿಯಲ್ಲಿ. ಗಮ್ ಪೂರ್ತಿ ಒಣಗೋ ಮುಂಚೆ ಸರಪಳಿ ಇನ್ನೂ ಬಳುಕ್ತಿರುವಾಗ ಚಕ್ರದ ಮೇಲೆ ಹಾಕಿ ಹತ್ತಿ ಉಂಡೆ ತುರುಕಿ ಜೋತು ಹಾಕಿ ರಾತ್ರಿ ಬಿಟ್ಬಿಡಿ.

ಇದೇ ಟ್ಯಾಂಕ್‌ನಲ್ಲಿ ಒಂದು ಸಣ್ಣ ವಿಷಯ ಇದೆ, ನಂಗೆ ತುಂಬಾ ಇಷ್ಟ. ಲಿಂಕ್‌ಗಳನ್ನ ಜೋಡಿಸೋ ಟ್ರ್ಯಾಕ್ ಪಿನ್‌ಗಳನ್ನ ಬಿಗಿ ಮಾಡಿರಲ್ಲ, ಓಡ್ತಾ ಓಡ್ತಾ ಅವು ಹಲ್ ಕಡೆಗೆ ಜಾರಿ ಬರ್ತವೆ, ಹಿಂದೆ ಹಲ್ ಪಕ್ಕದಲ್ಲಿ ವೆಲ್ಡ್ ಮಾಡಿರೋ ಒಂದು ಓರೆ ತಗಡು ಇರುತ್ತೆ, ಅದಕ್ಕೆ ತಗುಲಿ ಪಿನ್ ಮತ್ತೆ ಲಿಂಕ್ ಒಳಗೆ ಹೊಡ್ಕೊಳ್ಳುತ್ತೆ. ಹಾಗಾಗಿ ನಿಂತುಹೋದ ಗಾಡಿಯಲ್ಲಿ ಅಲ್ಲೊಂದು ಇಲ್ಲೊಂದು ಪಿನ್ ತಲೆ ಲಿಂಕ್‌ನಿಂದ ಹಲ್ ಕಡೆಗೆ ಸ್ವಲ್ಪ ಹೊರಗೆ ಬಂದಿರೋದು ತೋರಿಸಿದ್ರೆ ತಪ್ಪಿಲ್ಲ, ನಿಜಾನೇ.

ಟರೆಟ್ ವಿಷಯಕ್ಕೆ ಬಂದ್ರೆ, ಒಳಗಿನ ಶೆಲ್‌ಗಳು ಒಟ್ಟಿಗೆ ಸಿಡಿದ್ರೆ ಟರೆಟ್ ಕಿತ್ತು ದೂರ ಬೀಳುತ್ತೆ, ನೋಡೋಕೂ ಜೋರಾಗಿರುತ್ತೆ, ಆದ್ರೆ ಆಗ ಹಲ್ ಒಳಗೆಲ್ಲಾ ಕಾಣುತ್ತೆ, ಇಂಟೀರಿಯರ್ ಪೂರ್ತಿ ಮಾಡ್ಬೇಕು, ಮೊದಲ್ನೇ ಸಲಕ್ಕೆ ಬೇಡ. ನಾನು ಮಾಡಿದ್ದು ಮಧ್ಯದ ದಾರಿ: ಶೆಲ್‌ಗಳು ಒಂದೊಂದಾಗಿ ಉರಿದು, ಟರೆಟ್ ಒಂದ್ಸಲ ಎದ್ದು ಮತ್ತೆ ಓರೆಯಾಗಿ ಕೂತಿದೆ, ಎಡಗಡೆ ರಿಂಗ್‌ನಿಂದ (ಟರೆಟ್ ತಿರುಗೋ ಹಲ್ಲಿನ ಬಳೆ) 3 ಮಿ.ಮೀ ಎದ್ದಿದೆ. ಆ ಸಂದಿಯಲ್ಲಿ ಕತ್ತಲು ಬಿಟ್ರೆ ಬೇರೇನೂ ಕಾಣಲ್ಲ, ಆದ್ರೆ ರಿಂಗ್‌ನ ಹಲ್ಲುಗಳನ್ನ ತೆಳು ಪ್ಲಾಸ್ಟಿಕ್ ಪಟ್ಟಿ ಕುಯ್ದು ಅಂಟಿಸ್ಬೇಕು, ನೋಡೋರು ಅಲ್ಲಿಗೇ ಬಗ್ಗಿ ನೋಡ್ತಾರೆ. ಗನ್ ಬ್ಯಾರಲ್ ಪೂರ್ತಿ ಕೆಳಗೆ ಇಳಿದಿರ್ಲಿ, ಎತ್ತಿ ಹಿಡಿಯೋ ಶಕ್ತಿ ಹೋಗಿದೆ. ಬ್ಯಾರಲ್‌ನೇ ಬಾಳೆಎಲೆ ಥರ ಬಗ್ಗಿಸ್ಬೇಡಿ ಮತ್ತೆ, ಡೀಸೆಲ್ ಬೆಂಕಿಗೆ ಅಷ್ಟು ದಪ್ಪದ ಗನ್ ಉಕ್ಕು ಹಂಗೆ ಬಾಗಲ್ಲ.

ತೆರೆದ ಹ್ಯಾಚ್ ಒಳಗೆ ಕಾಣೋ ಅಷ್ಟಕ್ಕೆ ಏನಾದ್ರೂ ಇರ್ಲಿ: ಸೀಟಿನ ಬಟ್ಟೆ ಸುಟ್ಟು ಉಳಿದ ಬರೀ ಕಬ್ಬಿಣದ ಫ್ರೇಮ್, ಜೋತು ಬಿದ್ದ ತಾಮ್ರದ ತಂತಿಗಳು (ಮೇಲಿನ ಹೊದಿಕೆ ಏನೂ ಉಳಿದಿರಲ್ಲ), ಶೆಲ್‌ನ ಒಂದೆರಡು ಖಾಲಿ ಕೇಸ್. ಅಷ್ಟೇ ಸಾಕು.

ಬಣ್ಣ: ಸುಟ್ಟಿದ್ದು ಕಪ್ಪಲ್ಲ

ಇದನ್ನ ಒತ್ತಿ ಹೇಳ್ಬೇಕು. ಚೆನ್ನಾಗಿ ಉರಿದ ಉಕ್ಕು ಕಪ್ಪಗಿರಲ್ಲ. ಬೆಂಕಿ ಎಲ್ಲಿ ಅತಿ ಜಾಸ್ತಿ ಇತ್ತೋ ಅಲ್ಲಿ ಪೇಂಟ್ ಪೂರ್ತಿ ಹೋಗಿ, ಮಸಿನೂ ಉರಿದುಹೋಗಿ, ಬೂದು ಬಿಳಿ ಮತ್ತೆ ತಿಳಿ ತುಕ್ಕು ಉಳಿಯುತ್ತೆ. ಅದ್ರ ಸುತ್ತ ಕಂದು, ಅದ್ರಾಚೆ ಪೇಂಟ್ ಗುಳ್ಳೆ ಎದ್ದು ಕರಕಲಾದ ಒಂದು ಅಂಚು, ಅದ್ರಾಚೆ ಮಸಿ ಹಿಡಿದ ಹಸಿರು, ಕೊನೆಗೆ ಬೆಂಕಿ ತಲುಪದ ಜಾಗದಲ್ಲಿ ಮಾಮೂಲಿ ಹಸಿರು ಮತ್ತೆ ಕೆಸರು. ಇದು ನಕ್ಷೆ ಥರ. ನಾನು ಕಿಟ್‌ನ ಪಕ್ಕದ ಚಿತ್ರನ ಪೇಪರ್ ಮೇಲೆ ಗೀಚಿ, ಬೆಂಕಿ ಎಲ್ಲಿಂದ ಶುರುವಾಯ್ತು, ಗಾಳಿ ಯಾವ ಕಡೆಗೆ ಇತ್ತು, ಹೊಗೆ ಯಾವ ಹ್ಯಾಚ್‌ನಿಂದ ಬಂತು ಅಂತ ಬಣ್ಣದ ಪೆನ್ಸಿಲ್‌ನಲ್ಲಿ ಐದು ವಲಯ ಮಾಡ್ಕೊಳ್ತೀನಿ. ಎಡಗಡೆ ಮುಂಭಾಗದಲ್ಲಿ ಹಸಿರು ಉಳಿದಿರ್ಬೇಕು, ಟರೆಟ್ ಪಕ್ಕದ ಬಿಳಿ ನಂಬರ್‌ನಲ್ಲಿ ಅರ್ಧ ಅಂಕಿ ಉಳಿದು ಅರ್ಧ ಸುಟ್ಟಿರ್ಬೇಕು. ಗಾಡಿ ಮುಂಚೆ ಹೆಂಗಿತ್ತು ಅಂತ ಒಂದು ಕಡೆನಾದ್ರೂ ಉಳಿದಿದ್ರೇನೇ ಏನು ಹೋಯ್ತು ಅಂತ ನೋಡೋರಿಗೆ ಗೊತ್ತಾಗೋದು.

ಕೆಲಸದ ಕ್ರಮ ಹೀಗೆ. ಗಾಢ ಕಂದು ಪ್ರೈಮರ್. ಅದ್ರ ಮೇಲೆ ಸ್ಪಾಂಜ್ ತುಂಡಿನಿಂದ ಮೂರ್ನಾಲ್ಕು ತುಕ್ಕಿನ ಬಣ್ಣ, ಗಾಢದಿಂದ ತಿಳಿಗೆ, ಒಂದ್ರ ಮೇಲೊಂದು ಒತ್ತುತ್ತಾ ಹೋಗಿ, ಸವರ್ಬೇಡಿ. ಐದು ದಿನದ ತುಕ್ಕು ಅಂದ್ರೆ ಕಿತ್ತಳೆ ಕಡೆಗೆ ವಾಲಿರೋ ಹೊಸ ತುಕ್ಕು, ಬಣ್ಣ ಸುಟ್ಟುಹೋದ ಬೆತ್ತಲೆ ಉಕ್ಕು ಮಳೆ ಬಿದ್ರೆ ಎರಡು ಮೂರು ದಿನದಲ್ಲೇ ಹಂಗಾಗುತ್ತೆ. ಗಾಢ ಕಂದು, ಪದರ ಪದರ ಎದ್ದಿರೋ ತುಕ್ಕು ವರ್ಷಗಟ್ಲೆ ನಿಂತ ಗಾಡಿಗೆ. ಆಮೇಲೆ ವಾರ್ನಿಶ್ ಒಂದು ಕೋಟ್, ಅದು ಪೂರ್ತಿ ಒಣಗ್ಬೇಕು.

ಈಗ ಹೇರ್ ಸ್ಪ್ರೇ. ತಲೆಗೆ ಹಾಕೋ ಮಾಮೂಲಿ ಹೇರ್ ಸ್ಪ್ರೇನೇ, ಹಸಿರು ಉಳಿಯೋ ವಲಯಗಳಿಗೆ ಮತ್ತೆ ಅಂಚುಗಳಿಗೆ ಎರಡು ತೆಳು ಕೋಟ್, ಕಾಲು ಗಂಟೆ ಒಣಗಿಸಿ, ಮೇಲೆ ಅಕ್ರಿಲಿಕ್ ಹಸಿರು. ಅಕ್ರಿಲಿಕ್‌ನೇ ಆಗ್ಬೇಕು, ಲ್ಯಾಕರ್ ಇಲ್ಲ ಎನಾಮಲ್ ಹೊಡೆದ್ರೆ ನೀರು ಒಳಗೆ ಇಳಿಯಲ್ಲ. ಹಸಿರು ಮುಟ್ಟೋ ಅಷ್ಟು ಒಣಗಿದ ಮೇಲೆ, ಒಂದು ಗಂಟೆ ಒಳಗೆ, ಉಗುರು ಬೆಚ್ಚಗಿನ ನೀರು ಬ್ರಷ್‌ನಲ್ಲಿ ಹಚ್ಚಿ ಒಂದು ನಿಮಿಷ ಬಿಡಿ, ಅಡಿಯಲ್ಲಿರೋ ಹೇರ್ ಸ್ಪ್ರೇ ನೀರಿಗೆ ಕರಗುತ್ತೆ, ಆಗ ಗಡಸು ಬ್ರಷ್‌ನಲ್ಲಿ ಕೆರೆದ್ರೆ ಹಸಿರು ಚಕ್ಕೆ ಚಕ್ಕೆಯಾಗಿ ಎದ್ದು ಬರುತ್ತೆ, ಅಡಿಯ ತುಕ್ಕು ಕಾಣುತ್ತೆ. ನಾನೊಂದ್ಸಲ ಮಾರನೇ ದಿನ ಕೆರೆಯೋಣ ಅಂತ ಬಿಟ್ಟೆ, ಅಷ್ಟೊತ್ತಿಗೆ ಪೇಂಟ್ ಗಟ್ಟಿ ಹಿಡಿದಿತ್ತು, ಕೆರೆದಾಗ ಕೆಳಗಿನ ತುಕ್ಕೂ ಸೇರಿ ಪ್ಲಾಸ್ಟಿಕ್ ತನಕ ಕಿತ್ತು ಬಂತು. ಅವತ್ತೇ ಮಾಡಿ ಮುಗಿಸಿ. ಕರಕಲು ಅಂಚಿಗೆ ಹೇರ್ ಸ್ಪ್ರೇ ಬದ್ಲು ಉಪ್ಪು ಚೆನ್ನಾಗಿ ಕೆಲಸ ಮಾಡುತ್ತೆ: ಜಾಗ ಒದ್ದೆ ಮಾಡಿ ಉಪ್ಪಿನ ಹರಳು ಉದುರಿಸಿ, ಒಣಗಿದ್ಮೇಲೆ ಪೇಂಟ್ ಹೊಡೆದು, ಉಪ್ಪನ್ನ ತಿಕ್ಕಿ ಉದುರಿಸಿ, ಗುಳ್ಳೆ ಒಡೆದ ಹಾಗೆ ಗುಂಡಿ ಗುಂಡಿ ಉಳಿಯುತ್ತೆ.

ಮಸಿ ಕೊನೆಗೆ, ಮತ್ತೆ ಕಮ್ಮಿ. ಮಸಿ ಮೇಲಕ್ಕೆ ಹೋಗುತ್ತೆ, ಹ್ಯಾಚ್ ಬಾಯಿಂದ ಮೇಲಕ್ಕೆ, ತೂತಿಂದ ಮೇಲಕ್ಕೆ, ಗಾಳಿ ಬೀಸಿದ ಕಡೆಗೆ ಸ್ವಲ್ಪ ವಾಲಿ. ಕಪ್ಪು ಪಿಗ್ಮೆಂಟ್‌ನ (ಒಣ ಬಣ್ಣದ ಪುಡಿ) ಒಣ ಬ್ರಷ್‌ನಲ್ಲಿ ಉಜ್ಜಿ. ಮಳೆ ಬಂದಿದೆ ಅಂತ ನಮ್ಮ ಕತೆ, ಹಾಗಾಗಿ ಆ ಮಸಿ ಮೇಲೆ ತೆಳು ಆಯಿಲ್ ಪೇಂಟ್‌ನಲ್ಲಿ ತುಕ್ಕು ಇಳಿದ ಗೆರೆ ನಾಲ್ಕೈದು, ಮೇಲಿಂದ ಕೆಳಕ್ಕೆ, ವೈಟ್ ಸ್ಪಿರಿಟ್‌ನಲ್ಲಿ (ಆಯಿಲ್ ಪೇಂಟ್ ತೆಳು ಮಾಡೋ ದ್ರವ) ಅದ್ದಿದ ಬ್ರಷ್‌ನಿಂದ ಎಳೆದು ಮಾಸು ಮಾಡಿ.

ಸುಟ್ಟ ಚಕ್ರದ ರಿಮ್ ಮೇಲೆ ಮತ್ತೆ ಅದ್ರ ಕೆಳಗೆ ನೆಲದಲ್ಲಿ ಬಿಳಿ ಬೂದು ಪಿಗ್ಮೆಂಟ್ ಹಾಕಿ, ಅದು ಉರಿದ ರಬ್ಬರ್‌ನ ಬೂದಿ, ಮಳೆಗೆ ಅರ್ಧ ಕೊಚ್ಚಿ ಹೋಗಿ ಸಂದಿಯಲ್ಲಿ ಉಳಿದಿರುತ್ತೆ. ಪಿಗ್ಮೆಂಟ್ ಮೇಲೆ ಫಿಕ್ಸರ್ (ಪುಡಿನ ಹಿಡಿದಿಡೋ ದ್ರವ) ಹಾಕುವಾಗ ಬ್ರಷ್ ತಾಗಿಸ್ಬೇಡಿ, ಪಕ್ಕದಲ್ಲಿ ಒಂದು ಹನಿ ಬಿಟ್ರೆ ಅದೇ ಹರಡ್ಕೊಂಡು ಹೋಗುತ್ತೆ. ಫಿಕ್ಸರ್ ಹಾಕಿದ್ಮೇಲೆ ಬಿಳಿ ಬೂದಿ ಅರ್ಧದಷ್ಟು ಮಾಯ ಆಗುತ್ತೆ, ಗಾಬರಿ ಬೇಡ, ಒಣಗಿದ್ಮೇಲೆ ಇನ್ನೊಂದು ಸಲ ಉದುರಿಸಿ.

ಇನ್ನೊಂದು, ಇದನ್ನ ಮಾಡಿದ್ರೆ ಬಲ್ಲವರು ತಕ್ಷಣ ಗುರುತಿಸ್ತಾರೆ. ಟಿ-34ರ ವಿ-2 ಡೀಸೆಲ್ ಇಂಜಿನ್, 12 ಸಿಲಿಂಡರಿಂದು, ಬ್ಲಾಕ್ ಅಲ್ಯೂಮಿನಿಯಂನದು. ಅಲ್ಯೂಮಿನಿಯಂ 660 ಡಿಗ್ರಿಗೇ ಕರಗುತ್ತೆ, ಉಕ್ಕು ಕರಗೋಕೆ ಅದ್ರ ದುಪ್ಪಟ್ಟಿಗಿಂತ ಜಾಸ್ತಿ ಬೇಕು. ಹಾಗಾಗಿ ಇಂಜಿನ್ ಕೋಣೆ ಪೂರ್ತಿ ಉರಿದಿದ್ರೆ, ಹೊಟ್ಟೆ ಕೆಳಗೆ ಹಿಂಭಾಗದಲ್ಲಿ ಕರಗಿ ಹರಿದು ಗಟ್ಟಿಯಾದ ಬೆಳ್ಳಿ ಬೂದು ಮುದ್ದೆ ತೋರಿಸ್ಬೋದು. ಪುಟಾಣಿ ಮುದ್ದೆ, ಎರಡು ಹನಿ ಸೂಪರ್ ಗ್ಲೂ ಗಟ್ಟಿ ಮಾಡಿ ಅದಕ್ಕೆ ಮಾಸಲು ಬೆಳ್ಳಿ ಬಣ್ಣ ಕೊಟ್ರೆ ಸಾಕು.

ನೆಲ

ಬೇಸ್ ಚಿಕ್ಕದಿರ್ಲಿ. ಟ್ಯಾಂಕ್ ಹಲ್ ಸ್ಕೇಲ್‌ನಲ್ಲಿ 17 ಸೆಂ.ಮೀ ಹತ್ರ, ಅಗಲ 8.5. ನಾನು 24 ಸೆಂ.ಮೀ ಚೌಕ ತಗೊಂಡೆ. ಗಾಡಿನ ಬೇಸ್ ಅಂಚಿಗೆ ನೇರವಾಗಿ ಇಡ್ಬೇಡಿ, ಓರೆಗೆ ತಿರುಗಿಸಿ, ಬಲಗಡೆಯ ತೂತು ನೋಡೋರ ಕಡೆಗೆ ಬರ್ಲಿ. ಟ್ಯಾಂಕ್ ಯಾವ ಕಡೆಗೆ ಹೋಗ್ತಿತ್ತು ಅಂತ ತಿಳಿಯೋಕೆ ಹಿಂದೆ ಎರಡು ಟ್ರ್ಯಾಕ್ ಗುರುತು ಬೇಸ್ ಅಂಚಿನ ತನಕ ಹೋಗ್ಬೇಕು, ಮುಂದೆ ಮುಟ್ಟದ ನೆಲ. ಅಷ್ಟರಲ್ಲೇ ಅದು ಎಲ್ಲಿ ನಿಂತ್ಹೋಯ್ತು ಅನ್ನೋದು ಗೊತ್ತಾಗುತ್ತೆ.

ದಪ್ಪ ಫೋಮ್ ಶೀಟ್ ಕೆತ್ತಿ ಒಂಚೂರು ಏರು ಮಾಡಿ. ಮಣ್ಣಿಗೆ ನಿಜವಾದ ಮಣ್ಣೇ ಒಳ್ಳೇದು, ಸಣ್ಣ ಜರಡಿಯಲ್ಲಿ ಹಿಡಿದು, ಓವನ್‌ನಲ್ಲಿ ಬಿಸಿ ಮಾಡಿ ಹುಳ ಬೂಷ್ಟು ಸಾಯಿಸಿ, ಬಿಳಿ ಗಮ್, ನೀರು, ಸ್ವಲ್ಪ ಪ್ಲಾಸ್ಟರ್ ಸೇರಿಸಿ ಹಿಟ್ಟಿನ ಹದಕ್ಕೆ ಕಲೆಸಿ. ಬಣ್ಣ ಅದ್ರಲ್ಲೇ ಸೇರಿಸಿ, ಆಮೇಲೆ ಎಲ್ಲಾದ್ರೂ ಚಕ್ಕೆ ಎದ್ರೆ ಬಿಳಿ ಕಾಣಲ್ಲ. ನೆಂದ ಮಣ್ಣು ಒಣ ಮಣ್ಣಿಗಿಂತ ಗಾಢ, ಇದು ತುಂಬಾ ಜನ ಮರೀತಾರೆ.

ಮಣ್ಣು ಹಸಿ ಇರುವಾಗ್ಲೇ ಟ್ಯಾಂಕ್ ಒತ್ಬೇಕು, ಅಡಿಗೆ ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿ ಒತ್ತಿ ತೆಗೀರಿ, ಅಚ್ಚು ಬೀಳುತ್ತೆ, ಒಣಗಿದ್ಮೇಲೆ ಪೇಂಟ್ ಆದ ಟ್ಯಾಂಕ್ ಅದ್ರಲ್ಲೇ ಕೂರುತ್ತೆ. ಟ್ಯಾಂಕ್ 30 ಟನ್ ದಾಟಿದ ವಸ್ತು, ಅದು ನೆಲದ ಮೇಲೆ ಇಟ್ಟಂಗೆ ಕಾಣ್ಬಾರ್ದು, ನೆಲದೊಳಗೆ ಇರ್ಬೇಕು. ಚಕ್ರದ ಕೆಳಗೆ ಒಂದು ಕಡೆ ಬೆಳಕು ಕಂಡ್ರೂ ಅಷ್ಟು ದಿನದ ಕೆಲಸ ವ್ಯರ್ಥ, ಹಾಗಾಗಿ ಕೂರಿಸಿದ್ಮೇಲೆ ಟಾರ್ಚ್ ಹಿಡಿದು ಹಿಂದಿನಿಂದ ಬೆಳಕು ಬಿಟ್ಟು ಸುತ್ತ ನೋಡಿ, ಎಲ್ಲೆಲ್ಲಿ ಸಂದಿ ಇದೆಯೋ ಅಲ್ಲಿ ಇನ್ನೊಂದಿಷ್ಟು ಮಣ್ಣು ತುಂಬಿ.

ಗಾಡಿ ಸುತ್ತ ಹುಲ್ಲು ಸುಟ್ಟಿರುತ್ತೆ, ಬಲಗಡೆ ಜಾಸ್ತಿ, ಎಡಗಡೆ ಕಮ್ಮಿ, ಮತ್ತದೇ ಗಾಳಿಯ ದಿಕ್ಕು. ಅದ್ರಾಚೆ ಏಪ್ರಿಲ್‌ನ ಹೊಸ ಹುಲ್ಲು ಗಿಡ್ಡಗೆ, ಹೋದ ವರ್ಷದ ಒಣ ಹುಲ್ಲಿನ ಮಧ್ಯೆ. ಟ್ರ್ಯಾಕ್ ಗುರುತಿನಲ್ಲಿ ನೀರು ನಿಂತಿದೆ: ಪಾರದರ್ಶಕ ರೆಸಿನ್ ಎರಡು ತೆಳು ಪದರದಲ್ಲಿ, ಮೊದಲನೇದಕ್ಕೆ ಒಂಚೂರು ಮಣ್ಣಿನ ಬಣ್ಣ, ಎರಡನೇದಕ್ಕೆ ತುಕ್ಕು ನೀರು ಹರಿದಂಗೆ ಒಂದು ಎಳೆ ಕಿತ್ತಳೆ.

ಸಾಮಾನು ಚೆಲ್ಲೋದ್ರಲ್ಲಿ ಕೈ ಬಿಗಿ ಇರ್ಲಿ. ಎದ್ದು ಹಾರಿದ ಒಂದು ಇಂಜಿನ್ ಕವರ್, ಕಿತ್ತು ಬಿದ್ದ ಹೊರಗಿನ ಡೀಸೆಲ್ ಡ್ರಮ್ ಒಂದು, ಡ್ರೈವರ್ ಹ್ಯಾಚ್ ಮುಂದೆ ಕೆಸರಲ್ಲಿ ಬಿದ್ದಿರೋ ಒಂದು ಟ್ಯಾಂಕ್ ಸಿಬ್ಬಂದಿಯ ಟೋಪಿ, ಮೆತ್ತೆ ಮೆತ್ತೆ ಹೊಲಿಗೆ ಇರೋದು. ಅಷ್ಟೇ ಇಟ್ಟೆ. ಹೆಣ ಇಡೋದು ಬೇಡ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಈ ಗಾಡಿಯಲ್ಲಿ ಐದು ಜನ ಕೂರ್ತಿದ್ರು, ನಿಜವಾದ ಹುಡುಗರು, ಯುದ್ಧ ಮುಗಿಯೋಕೆ ಮೂರು ವಾರ ಇರುವಾಗ. ಎರಡು ಹ್ಯಾಚ್ ತೆರೆದು ಒಂದು ಮುಚ್ಚಿರೋದನ್ನ ನೋಡಿದವ್ರು ಉಳಿದಿದ್ದನ್ನ ತಾವೇ ಅರ್ಥ ಮಾಡ್ಕೊಳ್ತಾರೆ.

ಒಬ್ಬ ಮನುಷ್ಯ ಬೇಕೇ ಬೇಕು, ಅಳತೆ ಗೊತ್ತಾಗೋಕೂ, ಸಮಯ ಗೊತ್ತಾಗೋಕೂ. ಗನ್ ಹಿಡಿದು ನಿಂತ ಸೈನಿಕ ಬೇಡ, ಯುದ್ಧ ಇಲ್ಲಿಂದ ಹೋಗಿಯಾಗಿದೆ. ನಾನು ಮಾಡಿದ್ದು ಟೆಲಿಫೋನ್ ತಂತಿ ಎಳೀತಿರೋ ಸಿಗ್ನಲ್ ಸೈನಿಕ, ಬೆನ್ನಿಗೆ ತಂತಿಯ ಉರುಳೆ, ತಂತಿ ಕೆಸರು ಮುಟ್ಟದ ಹಾಗೆ ಟ್ಯಾಂಕ್‌ನ ಹಿಡಿಕೆಗೆ ಒಂದು ಸುತ್ತು ಸುತ್ತಿ ಮುಂದೆ ಹೊರಟಿದಾನೆ. ಅವನಿಗೆ ಅದೊಂದು ಕಂಬ ಅಷ್ಟೆ ಈಗ. ಮಾಮೂಲಿ ನಡೆಯೋ ಫಿಗರ್ ತಗೊಂಡು ಕೈ ಕತ್ತರಿಸಿ ಪುಟ್ಟಿಯಲ್ಲಿ ತಿರುಗಿಸಿದೆ, ತಲೆ ಟ್ಯಾಂಕ್ ಕಡೆಗಲ್ಲ, ಹೋಗ್ಬೇಕಾದ ದಾರಿ ಕಡೆಗೆ. ಇವನ ಬೂಟಿಗೆ ಹಸಿ ಕೆಸರು, ಟ್ಯಾಂಕ್ ಮೇಲಿರೋದು ಒಣಗಿ ಬಿರುಕು ಬಿಟ್ಟ ಕೆಸರು, ಬಣ್ಣ ಬೇರೆ ಬೇರೆ ಕೊಡಿ.

ಆ ತಂತಿನ ಎಲ್ಲಕ್ಕಿಂತ ಕೊನೆಗೆ ಹಾಕಿ, ಇಲ್ಲಾಂದ್ರೆ ಕೈ ತಗುಲಿ ಹತ್ತು ಸಲ ಕೀಳ್ತೀರ. ಮಿಕ್ಕಿರೋ ಸ್ಪ್ರೂ (ಕಿಟ್ ಪಾರ್ಟ್‌ಗಳು ಅಂಟ್ಕೊಂಡು ಬರೋ ಪ್ಲಾಸ್ಟಿಕ್ ಕಡ್ಡಿ) ತುಂಡನ್ನ ಮೇಣದ ಬತ್ತಿ ಮೇಲೆ, ಉರಿಗೆ ತಾಗಿಸದೆ, ಮೆತ್ತಗಾಗೋ ತನಕ ತಿರುಗಿಸಿ ಎರಡು ಕಡೆ ನಿಧಾನವಾಗಿ ಎಳೆದ್ರೆ ಕೂದಲಿನಷ್ಟು ತೆಳು ಎಳೆ ಬರುತ್ತೆ. ಉರುಳೆ ಕಡೆ ಮೊದ್ಲು ಅಂಟಿಸಿ, ಒಣಗಿದ್ಮೇಲೆ ಹಿಡಿಕೆ ಸುತ್ತಿ ಸೂಜಿ ತುದಿಯಲ್ಲಿ ಸೂಪರ್ ಗ್ಲೂ ಮುಟ್ಟಿಸಿ, ಅಲ್ಲಿಂದ ಬೇಸ್‌ನ ಹಿಂದಿನ ಅಂಚಿನ ತನಕ ಸ್ವಲ್ಪ ಜೋತು ಬಿಡಿ. ಬಿಗಿಯಾಗಿ ಎಳೀಬೇಡಿ, ಅವನು ಇನ್ನೂ ನಡೀತಿದಾನೆ.